ಕಿಟಕಿಯಲ್ಲಿ ನಿಂತವಳು

ನಮ್ಮ ಊರಿನಲ್ಲಿ ಚಳಿಗಾಲಕ್ಕೆ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದ ಮಾತು, "ಎಲ್ಲಿ ಕೂಡ್ತೀರಿ, ಗೋಪುರದ ಕಡೆಗೋ, ಹಳ್ಳದ ಕಡೆಗೋ?" ಎಂದು. ಸೊಂಟನೋವಿನವರು ಗೋಪುರದ ಕಡೆ ಬೆನ್ನು ಕೊಟ್ಟು ಕೂರುತ್ತಿದ್ದರು. ಬಾಣಂತಿಯರಿಗೂ ಎಳೆಗೂಸುಗಳಿಗೂ ಹಳ್ಳದ ಕಡೆ, ಅಲ್ಲಿ ಶಾಖ ಹದವಾಗಿರುತ್ತಿತ್ತು. ಬಲಗಡೆಯ ಮೇಲಿನ ಮೂಲೆ, ಅಂದರೆ ಹಿಮದ ಶಿಖರಗಳಿದ್ದ ಮೂಲೆ, ಯಾರಿಗೂ ಬೇಡವಾದದ್ದು. ಅದರ ಕೆಳಗೆ ಬೆಣ್ಣೆಯ ಗಡಿಗೆ ಇಡುತ್ತಿದ್ದೆವು. ಇಷ್ಟೆಲ್ಲ ಇದ್ದದ್ದು ಗೋಡೆಗೆ ತೂಗುಹಾಕಿದ ಒಂದೇ ಒಂದು ಕಾಗದದ ಚಿತ್ರದಲ್ಲಿ. ಈಗ ಊರಿಗೆ ಬಿಸಿನೀರಿನ ಕೊಳವೆ ಬಂದಿದೆ, ಮನೆಯ ಯಾವ ಮೂಲೆಯಲ್ಲಿ ಕೂತರೂ ಒಂದೇ ಶಾಖ. ಸುಖವೇನೋ ಹೌದು, ಇಲ್ಲ ಅನ್ನಲಾರೆ. ಆದರೆ ಬಂದವರನ್ನು ಎಲ್ಲಿ ಕೂರುತ್ತೀರಿ ಎಂದು ಕೇಳಬೇಕಾಗಿಯೇ ಇಲ್ಲದ ಮನೆ ನನಗಿನ್ನೂ ಒಗ್ಗಿಲ್ಲ.

ಚಿತ್ರ ಊರು ಸುಟ್ಟ ದಿನದ್ದು. ಅದು ಯಾರ ಕಾಲದ ಬೆಂಕಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಕೇಳಿದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಮುತ್ತಜ್ಜನ ಹೆಸರನ್ನೇ ಹೇಳುತ್ತಿದ್ದರು. ಆ ದಿನ ಊರಿನಲ್ಲಿ ತಂಗಿದ್ದ ಪರಸ್ಥಳದ ಕೆತ್ತನೆಗಾರನೊಬ್ಬ ಎದುರಿನ ಗುಡ್ಡದ ಮೇಲೆ ಕೂತು, ಕಂಡದ್ದನ್ನೆಲ್ಲ ತಾಮ್ರದ ತಗಡಿನ ಮೇಲೆ ಕೊರೆದು, ತಗಡನ್ನು ಇಲ್ಲೇ ಬಿಟ್ಟು ಹೋದನಂತೆ. ಎಡಕ್ಕೆ ಹಳ್ಳ, ಹಳ್ಳದಿಂದ ಕೈಯಿಂದ ಕೈಗೆ ಕೊಡ ದಾಟಿಸುತ್ತಿರುವ ಜನ. ನಡುವೆ ದೇವದಾರು ಮರದ ಮನೆಗಳು, ಧಗಧಗ ಉರಿಯುವ ಗಂಟೆಯ ಗೋಪುರ. ಬಲಕ್ಕೆ ಕಣಿವೆ ದಾಟಿ ಹೊರಗೆ ಹೋಗುವ ಕಾಲುದಾರಿ, ಅದರ ಮೇಲೆ ಬೆಟ್ಟ. ಅಡಿಯಲ್ಲಿ ನಮಗೆ ಬಾರದ ಯಾವುದೋ ಲಿಪಿಯಲ್ಲಿ ಒಂದು ಸಾಲು ಬರಹ. ಅದರಲ್ಲಿ ಊರಿನ ಹೆಸರೂ ಬೆಂಕಿಯ ವರ್ಷವೂ ಇದೆ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಗಂಡ ಅಡಿವೆಪ್ಪ ಮಾತ್ರ, "ನಾ ಬರೇ ನೋಡ್ಕೋತ ಕುಂತಿದ್ದೆ, ನಂದೇನೂ ತಪ್ಪಿಲ್ಲ ಅಂತ ಬರದಾನ" ಎಂದು ಹೇಳಿ ನಗುತ್ತಿದ್ದ.

ಬೆಂಕಿಯಾದ ಮೇಲೆ ಊರೊಳಗೆ ಕಿಡಿಯೂ ಕೂಡದು ಎಂದಾಯಿತು. ಒಲೆಗಳೆಲ್ಲ ಹಳ್ಳದ ಆಚೆ, ಕಲ್ಲಿನ ಅಡುಗೆಮನೆಯಲ್ಲಿ. ಊರಿನ ಹೆಂಗಸರೆಲ್ಲ ಅಲ್ಲೇ ರೊಟ್ಟಿ ಬಡಿದು, ಸಾರು ಕುದಿಸಿ, ಹೊತ್ತುಕೊಂಡು ಬರುವಷ್ಟರಲ್ಲಿ ಸಾರಿನ ಮೇಲೆ ಕೆನೆಗಟ್ಟಿರುತ್ತಿತ್ತು. ಪಾತ್ರೆಯನ್ನು ಚಿತ್ರದ ಗೋಪುರದ ಕೆಳಗೆ ಇಟ್ಟರೆ ಮತ್ತೆ ಹಬೆಯಾಡುತ್ತಿತ್ತು. ನಾನು ಮದುವೆಯಾಗಿ ಕೆಳಗಿನ ಬಯಲಿನಿಂದ ಬಂದಾಗ ಸೆರಗಿನ ಗಂಟಿನಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ಅತ್ತೆ ಮುರಿಗೆವ್ವ ಹೊಸ್ತಿಲಲ್ಲೇ ನನ್ನ ಸೆರಗು ಮುಟ್ಟಿ ನೋಡಿ, ಗಂಟು ಬಿಚ್ಚಿ, ಪೊಟ್ಟಣವನ್ನು ಹಳ್ಳಕ್ಕೆ ಎಸೆದು ಬಂದು, "ಈಗ ಬಲಗಾಲಿಟ್ಟು ಒಳಗ ಬಾ" ಅಂದರು. ಎಂಥ ಮನೆಗೆ ಬಂದು ಬಿದ್ದೆನಪ್ಪಾ ಅನ್ನಿಸಿತು. ಒಳಗೆ ಹೋಗಿ ಚಿತ್ರದ ಮುಂದೆ ಕೂತ ಮೇಲೆ ಪ್ರಯಾಣದ ಚಳಿಯೆಲ್ಲ ಇಳಿದು, ಕೂತಲ್ಲೇ ನಿದ್ದೆ ಬಂದುಬಿಟ್ಟಿತು. ಅಂಥ ನಿದ್ದೆ ಆಮೇಲೆ ನಾನು ಎಷ್ಟು ಸಲ ಮಾಡಿದ್ದೇನೋ, ಆ ಕಾಲ ಹೋದ ಮೇಲೆ ಒಮ್ಮೆಯೂ ಮಾಡಿಲ್ಲ.

ಹಗಲು ಚಿತ್ರಕ್ಕೆ ದಪ್ಪ ಬಟ್ಟೆ ಮುಚ್ಚುತ್ತಿದ್ದೆವು, ಶಾಖ ಸುಮ್ಮನೆ ಖರ್ಚಾಗಬಾರದೆಂದು. ಸಂಜೆ ಬೆಟ್ಟದ ಮೇಲಿನ ಬೆಳಕು ಕೆಂಪಾದಾಗ ಎಲ್ಲ ಮನೆಗಳಲ್ಲೂ ಬಟ್ಟೆ ಸರಿಸುತ್ತಿದ್ದರು. ಸರಿಸಿದೊಡನೆ ಮನೆಯವರೆಲ್ಲ, ಮಾತು ಬರುವ ಮಗುವಿನಿಂದ ಹಿಡಿದು ಹಲ್ಲಿಲ್ಲದ ಮುದುಕರ ತನಕ, ಒಟ್ಟಿಗೆ ಹೇಳುತ್ತಿದ್ದರು, "ತಡೀ ತಂಗಿ, ಬಂದ್ವಿ." ಹೇಳುತ್ತಿದ್ದದ್ದು ಕಿಟಕಿಯಲ್ಲಿ ನಿಂತವಳಿಗೆ. ಚಿತ್ರದ ನಡುಮಧ್ಯದ ಮನೆಯ ಮೇಲಂತಸ್ತಿನಲ್ಲಿ ಒಂದು ಕಿಟಕಿ, ಅದರಲ್ಲಿ ಎರಡೂ ಕೈ ಹೊರಚಾಚಿ ನಿಂತ ಒಬ್ಬ ಹೆಣ್ಣುಮಗಳು. ಕೆಳಗೆ ಗೋಡೆಗೆ ಏಣಿ ಆನಿಸಿದ್ದಾರೆ, ಏಣಿ ಅವಳವರೆಗೆ ಮುಟ್ಟುವುದಿಲ್ಲ. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೂ ಊರಿನ ಎಲ್ಲ ಮನೆಗಳಿಗೂ ಅವಳು ಮನೆಮಗಳು. ಹಟ ಮಾಡುವ ಮಕ್ಕಳಿಗೆ, "ನೋಡು, ಆಕಿ ಎಷ್ಟು ಸಮಾಧಾನದಿಂದ ನಿಂತಾಳ" ಎಂದು ಹೇಳುತ್ತಿದ್ದರು. ಪಾಪ, ಸಮಾಧಾನದಿಂದ ನಿಲ್ಲದೆ ಅವಳು ಇನ್ನೇನು ಮಾಡಬೇಕಿತ್ತೋ.

ನಮ್ಮದು ಚಿತ್ರ ಅಚ್ಚು ಹಾಕುವ ಮನೆ. ತಾಮ್ರದ ತಗಡು ನಮ್ಮಲ್ಲೇ ಇರುತ್ತಿತ್ತು. ಒಂದು ಪ್ರತಿಯ ಶಾಖ ಒಂದು ಚಳಿಗಾಲಕ್ಕೆ ಸರಿ, ಹಿಮ ಕರಗುವ ಹೊತ್ತಿಗೆ ಅದೂ ತಣ್ಣಗಾಗಿ ಬರೀ ಕಾಗದವಾಗುತ್ತಿತ್ತು. ಮಕ್ಕಳು ಅದರಲ್ಲಿ ಗಾಳಿಪಟ ಮಾಡುತ್ತಿದ್ದರು, ಹೆಂಗಸರು ರೊಟ್ಟಿ ಸುತ್ತುತ್ತಿದ್ದರು. ಆದ್ದರಿಂದ ಪ್ರತಿ ವರ್ಷ ಹಿಮ ಬೀಳುವ ಮುಂಚೆ ಊರಿಗೆಲ್ಲ ಹೊಸ ಪ್ರತಿ ತೆಗೆದುಕೊಡಬೇಕು. ಕಾಗದ ನೆನೆಸಿಡುವುದು ನನ್ನ ಕೆಲಸ, ಅಚ್ಚಿನ ಚಕ್ರ ತಿರುಗಿಸುವುದು ಅಡಿವೆಪ್ಪನದು. ಮಸಿ ಹಚ್ಚಿ ಒರೆಸುವುದು ಅತ್ತೆಯದು, ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಗಡಿಗೆಲ್ಲ ಮಸಿ ಬಳಿದು, ಗೆರೆಗಳೊಳಗೆ ಇಳಿದದ್ದನ್ನು ಮಾತ್ರ ಬಿಟ್ಟು, ಮೇಲಿನದನ್ನು ಮೊದಲು ಬಟ್ಟೆಯಿಂದ, ಆಮೇಲೆ ಅಂಗೈಯಿಂದ ಒರೆಸಬೇಕು. ಕಿಟಕಿಯವಳ ಮುಖಕ್ಕೆ ಬಂದಾಗ ಅತ್ತೆ ಕಿರುಬೆರಳ ತುದಿಯಿಂದ ಒರೆಸುತ್ತಿದ್ದರು. "ಇವನ ಮಾರೀನೂ ನಾ ಇಷ್ಟು ಸಲ ಒರಸಿಲ್ಲ" ಎಂದು ಮಗನ ಕಡೆ ಕೈ ತೋರಿಸುತ್ತಿದ್ದರು. "ಹೌದೌದು, ಅದಕ್ಕs ನಾ ಹಿಂಗದೀನಿ" ಅನ್ನುತ್ತಿದ್ದ ಅಡಿವೆಪ್ಪ, ಕೆನ್ನೆಯ ಮೇಲೆ ಮಸಿಯ ಪಟ್ಟೆ ಹೊತ್ತುಕೊಂಡು.

ಆದರೆ ತಾಮ್ರ ಎಷ್ಟು ಕಾಲ ತಾಳೀತು. ಒಂದೊಂದು ಪ್ರತಿ ತೆಗೆದಾಗಲೂ ಗೆರೆ ಒಂದಿಷ್ಟು ಸವೆಯುತ್ತದೆ. ಗೆರೆ ಸವೆದರೆ ಜ್ವಾಲೆ ತೆಳುವಾಗುತ್ತದೆ, ಜ್ವಾಲೆ ತೆಳುವಾದರೆ ಶಾಖ ಕಡಿಮೆ. ನಾನು ಬಂದ ಮೊದಲ ವರ್ಷ ಗೋಪುರದ ಕೆಳಗೆ ಕಾಲು ಚಾಚಿದರೆ ಸುಡುತ್ತದೆಂದು ಎಳೆದುಕೊಳ್ಳಬೇಕಾಗುತ್ತಿತ್ತು. ಕೆಲವು ವರ್ಷಗಳಲ್ಲೇ ಹೆಪ್ಪು ಹಾಕಿದ ಹಾಲು ಅಲ್ಲಿ ಮೊಸರಾಗಲು ಎರಡು ದಿನ ಬೇಕಾಯಿತು. ಜನ ಸಂಜೆ ಚಿತ್ರದ ಮುಂದೆ ಒತ್ತಾಗಿ, ಇನ್ನೂ ಒತ್ತಾಗಿ ಕೂರತೊಡಗಿದರು. ನಿಜ ಹೇಳಬೇಕೆಂದರೆ ಆ ಒತ್ತು ನನಗೆ ಇಷ್ಟವಾಗಿತ್ತು. ಒಂದೇ ಕಂಬಳಿಯಲ್ಲಿ ಮೂವರು, ಅಡಿವೆಪ್ಪನ ಹರಟೆ, ಅತ್ತೆಯ ಗೊಣಗಾಟ, ಒದ್ದೆ ಉಣ್ಣೆಯ ವಾಸನೆ.

ಪ್ರತಿ ವರ್ಷದ ಮೊದಲ ಪ್ರತಿಯನ್ನು ಪರೀಕ್ಷಿಸಲು ಗಂಟೆ ಕಲ್ಲಪ್ಪ ಬರುತ್ತಿದ್ದ. ಬೆಂಕಿಯಾದ ಮೇಲೆ ಮತ್ತೆ ಕಟ್ಟಿದ ಗೋಪುರದ ಗಂಟೆ ಬಾರಿಸುವವನು ಅವನೇ, ಊರಿನ ಯಜಮಾನನೂ ಅವನೇ. ಗೋಪುರದಲ್ಲೇ ಒಬ್ಬಂಟಿಯಾಗಿ ಇರುತ್ತಿದ್ದ. ಚಿತ್ರದಲ್ಲಿ ಎಲ್ಲಕ್ಕಿಂತ ಬಿಸಿಯಾದದ್ದು ಗೋಪುರವೆಂದು ಅವನಿಗೆ ಭಾರೀ ಹೆಮ್ಮೆ, ಸುಟ್ಟದ್ದಕ್ಕೂ ಹೆಮ್ಮೆಪಡುವವನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಬೆರಳ ಹಿಂಬದಿಯಿಂದ ಚಿತ್ರ ಮುಟ್ಟಿ, ಕಣ್ಣು ಮುಚ್ಚಿ, "ಆಗಬಹುದು" ಅನ್ನುತ್ತಿದ್ದ. ನಾನು ಬಸುರಿಯಾಗಿದ್ದ ಆ ವರ್ಷ ಅವನು ಮುಟ್ಟಿ, ಕಣ್ಣು ತೆರೆದು, ಮತ್ತೊಮ್ಮೆ ಅಂಗೈಯನ್ನೇ ಪೂರ್ತಿ ಇಟ್ಟು, "ಮುರಿಗೆವ್ವ, ಇದು ಸತ್ತೈತಿ" ಅಂದ.

"ಸತ್ತಿಲ್ಲ. ದಣದೈತಿ."

"ಗೆರಿ ಆಳ ಮಾಡು. ನಿನ್ನ ಗಂಡ ಮಾಡಿದ್ದನಲ್ಲ, ಆವಾಗಿಂದ ಎಷ್ಟು ಚಳಿಗಾಲ ದಾಟಿದ್ವಿ."

"ನನ್ನ ಗಂಡ ಮಾಡಿದಾಗ ಏನಾತು ನೆನಪೈತೇನು?" ಅಂದರು ಅತ್ತೆ.

ಅದು ಊರಿಗೆಲ್ಲ ನೆನಪಿತ್ತು. ಅಲ್ಲಿಯವರೆಗೆ ಚಿತ್ರದಲ್ಲಿ ಗೋಪುರದ ಪಕ್ಕದ ಮಾಡಿನ ಮೇಲೆ ಇಬ್ಬರು ಗಂಡಸರು ಇದ್ದರಂತೆ. ಮಾವ ಉಳಿ ಹಿಡಿದು ಜ್ವಾಲೆಯ ಗೆರೆಗಳನ್ನು ಮತ್ತೆ ಕೊರೆದ ಮೇಲೆ ಊರು ಬೆಚ್ಚಗಾಯಿತು. ಆದರೆ ಆ ಇಬ್ಬರು ಕಾಣಲಿಲ್ಲ. ಜಿಗಿದರು ಎಂದು ಕೆಲವರು ಸಮಾಧಾನ ಮಾಡಿಕೊಂಡರು. ಮಾವ ಮಾತ್ರ ಆಮೇಲೆ ಉಳಿ ಮುಟ್ಟಲಿಲ್ಲವಂತೆ. ಈಗ ಉಳಿದ ಜ್ವಾಲೆಗಳೆಲ್ಲ ಆ ಕಿಟಕಿಯ ಸುತ್ತಲೇ ಇದ್ದವು. ಅವುಗಳನ್ನು ಆಳ ಮಾಡಿದರೆ ಅವಳು ಉಳಿಯುತ್ತಿರಲಿಲ್ಲ.

"ಆಕಿ ಸತ್ತು ಯಾವ ಕಾಲ ಆತು," ಅಂದ ಕಲ್ಲಪ್ಪ. "ಇದು ಚಿತ್ರ. ಹೊರಗ ನಡಗಾವ್ರು ಜೀವಂತ ಅದಾರ."

"ನಾ ಒಲ್ಲೆ," ಅಂದರು ಅತ್ತೆ, ಅಷ್ಟೇ. ಕಲ್ಲಪ್ಪ ಎದ್ದು ಹೋದ. ಬಾಗಿಲಲ್ಲಿ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದ, ಆ ನೋಟ ಅತ್ತೆಗೂ ಕಂಡಿತು.

ಆ ವರ್ಷ ಹಿಮ ಬೇಗ ಬಿತ್ತು. ನಾವು ಕೊಟ್ಟ ಪ್ರತಿಗಳು ಉಗುರುಬೆಚ್ಚಗೂ ಇರಲಿಲ್ಲ. ಜನ ದನಗಳನ್ನು ಮನೆಯೊಳಗೆ ಕಟ್ಟಿಕೊಂಡರು, ಎರಡು ಮೂರು ಮನೆಯವರು ತಮ್ಮ ತಮ್ಮ ಚಿತ್ರ ತಂದು ಒಂದೇ ಗೋಡೆಗೆ ಹಾಕಿ ಒಟ್ಟಿಗೆ ಮಲಗತೊಡಗಿದರು. ಗೋಡೆಯ ತುಂಬ ಒಂದೇ ಬೆಂಕಿ, ಕಿಟಕಿಯಲ್ಲಿ ಒಬ್ಬಳೇ ಹೆಣ್ಣುಮಗಳು ಮೂರು ಸಲ. ಮೊದಲಿನ ಹಾಗೆ ನಗು ಇರಲಿಲ್ಲ. ಮೂರು ಮನೆಯಾಚೆ ಒಬ್ಬ ಮುದುಕಿ ಬೆಳಗ್ಗೆ ಏಳಲಿಲ್ಲ. ಎದುರು ಮನೆಯ ಕೂಸಿಗೆ ಎದೆ ಕಟ್ಟಿತು, ಅದು ಹೇಗೋ ಉಳಿಯಿತು. ನನಗೆ ಎಂಟು ತಿಂಗಳು ತುಂಬಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ನನ್ನ ಕೈಯೇ ತಣ್ಣಗೆ ಕೊರೆಯುತ್ತಿತ್ತು, ಒಳಗಿನ ಜೀವ ಬೆಚ್ಚಿ ಸರಿಯುತ್ತಿತ್ತು.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಅತ್ತಿ, ಚಿತ್ರದಾಗಿನಾಕಿ ಹೆಚ್ಚೋ, ಇದು ಹೆಚ್ಚೋ?" ಎಂದು ಕೇಳಿಬಿಟ್ಟೆ. ಜಗಳಕ್ಕೇ ಕೇಳಿದ್ದು, ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ ನನಗೆ. ಬಸುರಿ ಕೇಳದೆ ಇನ್ಯಾರು ಕೇಳಬೇಕು. ಅಡಿವೆಪ್ಪ ಅವ್ವನನ್ನೂ ನನ್ನನ್ನೂ ನೋಡಿ, ತಮಾಷೆ ಮಾಡಲು ಬಾಯಿ ತೆರೆದವನು ಹಾಗೇ ಹೊರಗೆ ಹಿಮ ಎತ್ತಿಹಾಕಲು ಹೋದ.

ಮರುದಿನ ಬೆಳಗ್ಗೆ ಅತ್ತೆ ನನ್ನ ಹಾಸಿಗೆಯ ಕಾಲದೆಸೆಯಲ್ಲಿ ಕೂತು ನನ್ನ ಪಾದ ಹಿಡಿದುಕೊಂಡರು. ಅವರ ಕೈಯಲ್ಲಿ ಶಾಖವಿತ್ತೆಂದಲ್ಲ, ನನ್ನ ಕಾಲಲ್ಲಿ ಏನೂ ಇರಲಿಲ್ಲ, ಹಾಗಾಗಿ ಅದು ಬಿಸಿ ಅನ್ನಿಸಿತು. ಆಮೇಲೆ ಎದ್ದು ಗೂಡಿನಿಂದ ಮಾವನ ಉಳಿಯನ್ನೂ, ತಾಮ್ರ ನಯ ಮಾಡುವ ಉಜ್ಜುಗಲ್ಲನ್ನೂ ತೆಗೆದರು.

ಅವರು ಜೀವಮಾನವೆಲ್ಲ ಮಸಿ ಒರೆಸಿದವರೇ ಹೊರತು ಕೊರೆದವರಲ್ಲ. ಗಂಡ ಕೊರೆಯುವುದನ್ನು ನೋಡಿದ್ದರು, ಅಷ್ಟೇ ಅವರ ಪಾಠ. ಕಿಟಕಿಯ ಬಳಿ ಬೆಳಕಿಗೆ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಮಸಿಯ ಕೊನೆಯ ಕಣವೂ ಉಳಿಯದ ಹಾಗೆ ತೊಳೆದರು. ನಾನು ಜ್ವಾಲೆಯಿಂದ ಶುರುಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಉಜ್ಜುಗಲ್ಲನ್ನು ಚಿತ್ರದ ಆ ಕಿಟಕಿಯೊಳಗೆ ಇಟ್ಟರು.

"ಏನ್ ಮಾಡ್ತೀಯಬೇ?" ಅಂದ ಅಡಿವೆಪ್ಪ.

"ಬೆಂಕಿ ಹಚ್ಚೂಕಿಂತ ಮೊದ್ಲ ಆಕಿನ್ನ ಕೆಳಗ ಇಳಸ್ತೀನಿ."

ಗೆರೆಯನ್ನು ಉಜ್ಜಿ ಮುಚ್ಚುವುದು ಕೊರೆಯುವುದಕ್ಕಿಂತ ಕಷ್ಟ. ತಾಮ್ರವನ್ನು ಸುತ್ತಲಿಂದ ಒತ್ತಿ ಒತ್ತಿ ಗೆರೆಯ ಬಾಯಿ ಸೇರಿಸಬೇಕು. ಅತ್ತೆ ಮೊದಲು ಅವಳ ಕೈಗಳನ್ನು ಉಜ್ಜಿದರು, ಆಮೇಲೆ ಮೈ. ಉಜ್ಜುತ್ತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು, "ಬಾ, ಇಳಿ. ಇಲ್ಲೊಂದು ಕಾಲಿಡು. ಹೆದರಬ್ಯಾಡ, ನಾ ಹಿಡದೀನಿ." ಹೆರಿಗೆ ಮಾಡಿಸುವ ಹೆಂಗಸರು ಮಾತಾಡುವುದು ಹಾಗೆ. ಮುಖವನ್ನು ಎಲ್ಲಕ್ಕೂ ಕೊನೆಗೆ ಉಜ್ಜಿದರು. ಅದಕ್ಕೆ ಕಲ್ಲು ಬಳಸದೆ ಮೊದಲು ಕಿರುಬೆರಳಿನಿಂದಲೇ ಒರೆಸಿ ನೋಡಿದರು. ಗೆರೆ ಬೆರಳಿಗೆಲ್ಲಿ ಹೋಗುತ್ತದೆ. ಮತ್ತೆ ಕಲ್ಲು ತೆಗೆದುಕೊಂಡರು.

ಕಿಟಕಿ ಖಾಲಿಯಾಯಿತು. ಈಗ ಅವಳನ್ನು ಬೇರೆ ಕಡೆ ನಿಲ್ಲಿಸಬೇಕು, ಹಳ್ಳದ ಬಳಿ, ಕೊಡ ದಾಟಿಸುವ ಜನರ ನಡುವೆ. ಅಲ್ಲಿ ಯಾರಾದರೂ ಅವಳ ಕೈಗೂ ಒಂದು ಕೊಡ ಕೊಟ್ಟಾರು, ಹಳ್ಳದ ಕಡೆ ಶಾಖವೂ ಹದ. ಅತ್ತೆ ಇದನ್ನು ಬಹಳ ವರ್ಷಗಳಿಂದ ಯೋಚಿಸಿದ್ದರು ಅಂತ ಕಾಣುತ್ತದೆ, ಒಂದು ಕ್ಷಣವೂ ತಡೆಯದೆ ಉಳಿ ಊರಿದರು. ಮಸಿಯಿಲ್ಲದ ಸವೆದ ತಾಮ್ರ ಬೆಳಗಿನ ಬೆಳಕಿಗೆ ಥಳಥಳ ಹೊಳೆಯುತ್ತಿತ್ತು, ಅದರಲ್ಲಿ ಸಣ್ಣ ಗೆರೆಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಆದರೆ ಆ ಚಿತ್ರ ಅವರಿಗೆ ಬಾಯಿಪಾಠವಾಗಿತ್ತು. ಹಳ್ಳ ಎಡಕ್ಕೆ, ಅಂಚಿನ ಹತ್ತಿರ, ಸ್ವಲ್ಪ ಕೆಳಗೆ. ಕಣ್ಣು ಮುಚ್ಚಿ ಹೇಳುತ್ತಿದ್ದರು. ಅಲ್ಲಿ ಪುಟ್ಟದಾಗಿ ಅವಳನ್ನು ಕೊರೆದರು, ಹಳ್ಳದಂಚಿನ ಜನರ ಕಡೆ, ಎಡಕ್ಕೆ, ಮುಖಮಾಡಿ ಕೈ ಮುಂದಕ್ಕೆ ಚಾಚಿದ ಹಾಗೆ. ಅದಾದ ಮೇಲೆ ಜ್ವಾಲೆಗಳು. ಅವು ಬೆರಳಿಗೆ ಸಿಗುತ್ತಿದ್ದವು, ಸಿಕ್ಕ ಗೆರೆಯನ್ನೇ ಹಿಡಿದು ಉಳಿ ಓಡಿಸಿದರು. ಗೋಪುರ, ಮಾಡುಗಳು, ಖಾಲಿ ಕಿಟಕಿ. ಅತ್ತೆಯ ಹಣೆಯಲ್ಲಿ ಬೆವರು ಕಂಡಿತು. ಆ ಚಳಿಗಾಲದಲ್ಲಿ ಊರಿನಲ್ಲಿ ಬೆವರಿದವರು ಅವರೊಬ್ಬರೇ ಇರಬೇಕು.

ಅಷ್ಟರಲ್ಲಿ ನನಗೆ ನೋವು ಶುರುವಾಗಿತ್ತು. ದಿನ ತುಂಬಿರಲಿಲ್ಲ. ನಾನು ಹಲ್ಲುಕಚ್ಚಿ ಸುಮ್ಮನಿದ್ದೆ, ಕಾಗದ ನೆನೆಹಾಕಬೇಕಿತ್ತಲ್ಲ. ಮಸಿ ಹಚ್ಚಿದರು, ಒರೆಸಿದರು. ಅಡಿವೆಪ್ಪ ಚಕ್ರ ತಿರುಗಿಸಿದ. ಕಾಗದವನ್ನು ತಗಡಿನಿಂದ ಎತ್ತುವಾಗ ಅದರಿಂದ ಬುಸ್ಸೆಂದು ಹಬೆ ಎದ್ದು ಅವನ ಮುಖಕ್ಕೆ ಹೊಡೆಯಿತು. "ಯಪ್ಪಾ!" ಎಂದು ಕೂಗಿ ಕೈಬಿಡುವುದರಲ್ಲಿದ್ದ. ಒದ್ದೆ ಕಾಗದ ತಾನೇ ತಾನಾಗಿ ಒಣಗುತ್ತ ನಮ್ಮ ಕಣ್ಣೆದುರಿಗೇ ಚಟಚಟ ಅಂದಿತು. ಗೋಡೆಗೆ ಹಾಕಿದಾಗ ಆ ಶಾಖ ನನ್ನ ಮೊಣಕಾಲು, ಹೊಟ್ಟೆ, ಕುತ್ತಿಗೆಗೆ ಬಂದು ತಾಗಿದ್ದು ಈಗಲೂ ಮೈಗೆ ನೆನಪಿದೆ. ನನಗೆ ಅಳು ಬಂತು. ಸಂಕಟದ ಅಳು ಅಲ್ಲ.

ಅತ್ತೆ ಮಾತ್ರ ಹಿಗ್ಗಲಿಲ್ಲ. ಚಿತ್ರದ ಎಡಗಡೆಯನ್ನೇ ನೋಡುತ್ತಿದ್ದರು. ಹಳ್ಳದ ಬಳಿ ಜನ ಎಂದಿನ ಹಾಗೇ ಕೊಡ ದಾಟಿಸುತ್ತಿದ್ದರು, ಅವರ ನಡುವೆ ಹೊಸಬರು ಯಾರೂ ಇರಲಿಲ್ಲ. "ಎಲ್ಲಿ ಹೋದಳು?" ಅಂದರು. ಅಡಿವೆಪ್ಪನೇ ಮೊದಲು ಕಂಡದ್ದು. ಬಲಗಡೆಯ ಅಂಚಿನಲ್ಲಿ, ಕಣಿವೆಯ ಕಾಲುದಾರಿಯ ಮೇಲೆ, ಊರಿಗೆ ಬೆನ್ನು ಹಾಕಿ, ಕೈ ಮುಂದಕ್ಕೆ ಚಾಚಿ ಅವಳು ಹೊರಟಿದ್ದಳು. ಇನ್ನೆರಡು ಹೆಜ್ಜೆ ಇಟ್ಟರೆ ಕಾಗದವೇ ಮುಗಿಯುತ್ತಿತ್ತು.

ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಅಚ್ಚಿನ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ಕಾಗದದ ಚಿತ್ರವನ್ನು ಜೀವಮಾನವೆಲ್ಲ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಅತ್ತೆ, ಬಾಯಿಪಾಠದ ಎಡಕ್ಕೇ ಉಳಿ ಊರಿದ್ದರು. ಜನರ ಕಡೆ ತಿರುಗಿಸಿದ್ದೇನೆ ಅಂದುಕೊಂಡು ಬೆಟ್ಟದ ಕಡೆ ತಿರುಗಿಸಿದ್ದರು. ನಾವು ಮೂವರೂ ಅವಳನ್ನು ನೋಡುತ್ತ ನಿಂತೆವು. "ಮತ್ತ ಉಜ್ಜಿ ಈ ಕಡೆ ತರೋಣೇನಬೇ?" ಎಂದು ಅಡಿವೆಪ್ಪ ಕೇಳುತ್ತಿದ್ದಂತೆ ನೋವು ಒತ್ತರಿಸಿ ನನ್ನ ಕೈಯಿಂದ ಕಾಗದ ನೆನೆಸುವ ನೀರಿನ ತಟ್ಟೆ ಬಿತ್ತು. ಆಮೇಲೆ ಚಿತ್ರದ ಮಾತನ್ನು ಯಾರೂ ಆಡಲಿಲ್ಲ. ಕತ್ತಲಾಗುವುದರೊಳಗೆ ಹಳ್ಳದ ಕಡೆಯ ಬೆಚ್ಚನೆಯ ಜಾಗದಲ್ಲಿ ನನ್ನ ಮಗಳು ಹುಟ್ಟಿದಳು. ಒಂದು ಬೊಗಸೆಯಷ್ಟಿದ್ದಳು. ಹಿಂದಿನ ದಿನದ ಆ ತಣ್ಣನೆಯ ಮನೆಯಲ್ಲಿ ಹುಟ್ಟಿದ್ದರೆ ಉಳಿಯುತ್ತಿರಲಿಲ್ಲ. ಅವಳ ಹೆಬ್ಬೆಟ್ಟು ಕೆಂಪಗಿತ್ತು, ಮುಟ್ಟಿದರೆ ಬಿಸಿ ಇತ್ತು.

ಮುಂದಿನ ಕೆಲವು ದಿನ ಅತ್ತೆಯೂ ಅಡಿವೆಪ್ಪನೂ ಊಟ ಬಿಟ್ಟು ಪ್ರತಿ ತೆಗೆದು ಊರಿಗೆಲ್ಲ ಹಂಚಿದರು. ಜನ ಓಡಿ ಬಂದು ಒಯ್ದರು, ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಮೊದಲ ದಿನ ಸಂಜೆ ಪ್ರತಿ ಸಿಕ್ಕ ಮನೆಗಳಲ್ಲೆಲ್ಲ ಬಟ್ಟೆ ಸರಿಸಿದರು. ನಮ್ಮ ಓಣಿಯಲ್ಲಿ ಎಂದಿನ ಹಾಗೆ "ತಡೀ ತಂಗಿ" ಎಂದು ಎದ್ದ ದನಿ ಅರ್ಧಕ್ಕೇ ನಿಂತಿತು. ಆಮೇಲೆ ಮಕ್ಕಳು ಅಳುವುದು ಕೇಳಿಸಿತು. ಮರುದಿನದಿಂದ ಮಾತು ಶುರುವಾಯಿತು. ಅಲ್ಲಾ, ಇಷ್ಟು ತಲೆಮಾರು ದಿನಾ ಕೂಗಿದ್ದೇವೆ, ತಿರುಗಿಯೂ ನೋಡದೆ ಹೊರಟಿದ್ದಾಳಲ್ಲ ಎಂದು ಒಬ್ಬರು. ನಮ್ಮ ಹುಡುಗಿಯನ್ನು ಊರು ಬಿಟ್ಟು ಕಳಿಸಲು ಮುರಿಗೆವ್ವ ಯಾರು ಎಂದು ಇನ್ನೊಬ್ಬರು. ಬೆನ್ನು ಕಾಯಿಸಿಕೊಳ್ಳುತ್ತಲೇ ಬೈಯುತ್ತಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವಳು ಸುಟ್ಟರೂ ಸರಿ ಅಂದವರು ಅವಳು ಹೋಗಬಾರದು ಅನ್ನುತ್ತಿದ್ದರು.

ಊರಿನವರು ಕಲ್ಲಪ್ಪನನ್ನು ಕಳಿಸಿದರು. ಕಲ್ಲಪ್ಪನ ಸಂಸಾರದ ಸಂಗತಿಯನ್ನು ಇಲ್ಲಿ ಹೇಳಬೇಕು. ಅವನ ಹೆಂಡತಿ ಸಾವಂತ್ರಿ, ನಾನು ಈ ಊರಿಗೆ ಬರುವುದಕ್ಕೂ ಮುಂಚೆ, ಒಂದು ಚಳಿಗಾಲದ ಬೆಳಗ್ಗೆ ಜಗಳ ಮಾಡಿಕೊಂಡು ಕಣಿವೆಯ ದಾರಿ ಹಿಡಿದು ತವರಿಗೆ ಹೊರಟವಳು ತವರು ಮುಟ್ಟಲಿಲ್ಲ. ಅವನ ಮುಂದೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವನೂ ಎತ್ತುತ್ತಿರಲಿಲ್ಲ.

ಅವನು ಬಂದದ್ದು ನಡುಹಗಲು. ಕೂಸಿರುವ ಮನೆಯೆಂದು ನಮ್ಮ ಚಿತ್ರಕ್ಕೆ ಬಟ್ಟೆ ಮುಚ್ಚಿರಲಿಲ್ಲ. ಅತ್ತೆ ತಗಡು ಒರೆಸುತ್ತ ಕೂತಿದ್ದರು. ಗೋಪುರದ ಕಡೆ ಕೂರು ಅಂದರೂ ಅವನು ಕೂರಲಿಲ್ಲ.

"ಊರಿನ ಪರವಾಗಿ ಬಂದೀನಿ, ಮುರಿಗೆವ್ವ. ಆಕಿನ್ನ ತಿರುಗಿ ಕಿಟಕ್ಯಾಗ ನಿಂದ್ರಸು."

"ಯಾಕ?"

"ಯಾಕಂದ್ರ? ಆಕಿ ನಮ್ಮಾಕಿ."

"ನಿಮ್ಮಾಕಿ ಆಗಿದ್ರ ಇಷ್ಟು ದಿನದಾಗ ಒಬ್ಬರರ ಹೋಗಿ ಕರಕೊಂಡು ಬರಬೇಕಾಗಿತ್ತು."

"ದಿನಾ ಬಂದ್ವಿ ಬಂದ್ವಿ ಅಂತ ಹೇಳ್ತಿದ್ವಲ್ಲ."

"ಹೇಳ್ತಿದ್ರಿ," ಅಂದರು ಅತ್ತೆ.

ಕಲ್ಲಪ್ಪ ಚಿತ್ರದ ಕಡೆ ತಿರುಗಿದ. ಅಭ್ಯಾಸವೆಂಬುದು ಬಲು ಕೆಟ್ಟದ್ದು. ಚಿತ್ರ ಕಂಡೊಡನೆ ಅವನ ಬಾಯಿ ತಾನಾಗಿ ತೆರೆಯಿತು. "ತಡೀ ತಂ..." ಅನ್ನುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಗದರಿದರು, "ಬಾಯಿ ಮುಚ್ಚು, ಕಲ್ಲಪ್ಪ! ಆಕಿ ಕೇಳಿಸ್ಕೊಂಡು ನಿಂತಳಂದ್ರ?"

ನನ್ನ ಮಗಳು ನಿದ್ದೆಯಲ್ಲಿ ಸಣ್ಣಗೆ ಮುಲುಕಿದಳು. ಕಲ್ಲಪ್ಪ ಚಿತ್ರದ ಹತ್ತಿರ ಹೋದ. ತನ್ನ ಗೋಪುರವನ್ನು ನೋಡಲಿಲ್ಲ, ಖಾಲಿ ಕಿಟಕಿಯನ್ನೂ ನೋಡಲಿಲ್ಲ, ಬಲಗಡೆಗೆ ಸರಿದು ಆ ಕಾಲುದಾರಿಯ ಮುಂದೆ ನಿಂತ. ಅವಳು ಬೆರಳಿನ ಒಂದು ಗೆಣ್ಣಿನಷ್ಟೂ ಇರಲಿಲ್ಲ, ಅವನು ಬಗ್ಗಿ ನೋಡಬೇಕಾಯಿತು. ಎಂದಿನ ಹಾಗೆ ಬೆರಳ ಹಿಂಬದಿಯನ್ನು ಅಲ್ಲಿಗೆ ತಾಗಿಸಿ, ತಕ್ಷಣ ಎಳೆದುಕೊಂಡ.

"ಭಾಳ ಥಂಡಿ ಐತಲ್ಲ ಇಲ್ಲಿ," ಅಂದ.

"ಐತಿ. ಬೆಟ್ಟದ ದಾರಿ ಅದು."

"ಮೈಮ್ಯಾಲ ಏನೂ ಇಲ್ಲ ಆಕಿಗೆ."

ಅತ್ತೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಕಲ್ಲಪ್ಪ ನಮ್ಮ ಕಡೆ ತಿರುಗಲಿಲ್ಲ. ಚಿತ್ರಕ್ಕೇ ಹೇಳುವವನ ಹಾಗೆ, ಗಂಟೆ ಬಾರಿಸುವವನ ಆ ದೊಡ್ಡ ದನಿಯನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಮಾಡಿಕೊಂಡು ಹೇಳಿದ, "ಸಾವಂತ್ರಿ ಹೋದಾಗ ಕಂಬಳಿ ಗೂಟದಾಗs ಇತ್ತು. ಸಂಜಿಮಟ ನಾ ಅದನ್ನ ನೋಡೇ ಇರಲಿಲ್ಲ."

ಅತ್ತೆ ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟರು. ತಗಡನ್ನು ತೊಡೆಯ ಮೇಲೆ ಎಳೆದುಕೊಂಡರು, ಉಳಿ ತೆಗೆದುಕೊಂಡರು. ಎಡ ಯಾವುದು ಬಲ ಯಾವುದು ಎಂದು ಗೋಡೆಯ ಚಿತ್ರವನ್ನೂ ತಗಡನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಅವಳ ಹೆಗಲ ಮೇಲೆ ಮೊದಲ ಗೆರೆ ಎಳೆದರು.

"ದಪ್ಪಂದು ಇರಲಿ," ಅಂದ ಕಲ್ಲಪ್ಪ.